ವೀಸಾ ಮುಗಿದಿದ್ದರೂ ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ: ಆಮ್‌ಟ್ರ್ಯಾಕ್ ಕ್ಯಾಸ್ಕೇಡ್ಸ್ ರೈಲು

ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಸ್ಟಾಂಪ್ ಮುಗಿದಿದೆ ಅಂತ ಕೆನಡಾ ಕಡೆ ತಲೆಯೇ ಹಾಕದೆ ಕೂತಿರುವ ಸಿಯಾಟಲ್ ಸುತ್ತಮುತ್ತಲಿನ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವ್ಯಾಂಕೂವರ್‌ನಿಂದ ವಾಪಸ್ ಬರೋದಕ್ಕೆ ಆಮ್‌ಟ್ರ್ಯಾಕ್ ಕ್ಯಾಸ್ಕೇಡ್ಸ್ ರೈಲಿಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಮುಖ್ಯ ಕಾರಣ ಒಂದೇ. ಅಮೆರಿಕದ ಇಮಿಗ್ರೇಷನ್ ತಪಾಸಣೆ ರೈಲು ಹತ್ತುವ ಮೊದಲೇ, ವ್ಯಾಂಕೂವರ್‌ನ ಪೆಸಿಫಿಕ್ ಸೆಂಟ್ರಲ್ ಸ್ಟೇಷನ್ನಿನಲ್ಲೇ ಆಗುತ್ತದೆ. ಮನಸ್ಸು ಹಗುರ ಮಾಡಿಕೊಂಡು ಸೀಟಿನಲ್ಲಿ ಕೂರಬಹುದು.

ನನ್ನ ತಂಗಿ ಇರೋದು ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ. ಅವಳ ಬಾಣಂತನಕ್ಕೆ ಅಮ್ಮ ಹಾಸನದಿಂದ ಬಂದಿದ್ದರು. ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಕಾರಿನಲ್ಲಿ ಅರ್ಧ ದಿನವೂ ಬೇಡದ ದೂರದಲ್ಲಿ ಅಮ್ಮ ಇದ್ದಾರೆ, ಹೋಗದೆ ಇರೋಕಾಗುತ್ತಾ? ಆದರೆ ನನ್ನ ಹತ್ತಿರ ಇರುವ ಸ್ಟಾಂಪ್ ಓದೋಕೆ ಬರುವಾಗ ಚೆನ್ನೈನಲ್ಲಿ ಹಾಕಿಸಿದ ಎಫ್-1. ಅದು ಮುಗಿದು ತುಂಬಾ ದಿನವಾಗಿದೆ. ಆಮೇಲೆ ನನ್ನ ಸ್ಟೇಟಸ್ ಎಚ್-1ಬಿಗೆ, ಅಂದರೆ ಕೆಲಸದ ವೀಸಾಗೆ, ಅಮೆರಿಕದಲ್ಲೇ ಬದಲಾಯಿತು, ಸ್ಟಾಂಪಿಂಗಿಗೆ (ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಹಾಕಿಸಿಕೊಳ್ಳೋಕೆ) ಊರಿಗೆ ಹೋಗಿಲ್ಲ. ಮೊದಲೆಲ್ಲ ಕೆನಡಾದಲ್ಲೇ ಸ್ಟಾಂಪಿಂಗ್ ಮಾಡಿಸಿಕೊಂಡು ಬರುವವರಿದ್ದರು. ಅಮೆರಿಕ ಸರ್ಕಾರ, ವೀಸಾ ಸಂದರ್ಶನಕ್ಕೆ ಸ್ವಂತ ದೇಶಕ್ಕೋ ವಾಸವಿರುವ ದೇಶಕ್ಕೋ ಹೋಗಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ ಮೇಲೆ ಆ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು.

ನಮ್ಮಂಥವರಿಗೆ ಇರೋದು ಆಟೋಮ್ಯಾಟಿಕ್ ರಿವ್ಯಾಲಿಡೇಷನ್ ಅನ್ನೋ ನಿಯಮ. ಕೆನಡಾ ಅಥವಾ ಮೆಕ್ಸಿಕೋಗೆ ಮಾತ್ರ ಹೋಗಿ 30 ದಿನದೊಳಗೆ ವಾಪಸ್ ಬಂದರೆ, ಐ-94 (ಅಮೆರಿಕದಲ್ಲಿ ಯಾವ ಸ್ಟೇಟಸ್‌ನಲ್ಲಿ, ಯಾವ ತಾರೀಖಿನ ತನಕ ಇರಬಹುದು ಅನ್ನೋ ದಾಖಲೆ) ಚಾಲ್ತಿಯಲ್ಲಿದ್ದರೆ, ಮುಗಿದ ವೀಸಾವನ್ನೇ ಆ ಪ್ರವೇಶದ ಮಟ್ಟಿಗೆ ಚಾಲ್ತಿಯಲ್ಲಿದೆ ಅಂತ ಪರಿಗಣಿಸುತ್ತಾರೆ. ನನ್ನ ಹಾಗೆ ಒಳಗೇ ಸ್ಟೇಟಸ್ ಬದಲಾಯಿಸಿಕೊಂಡವರಿಗೆ ಹಳೆಯ ಎಫ್-1 ಸ್ಟಾಂಪ್ ಎಚ್-1ಬಿ ಲೆಕ್ಕಕ್ಕೇ ಬರುತ್ತದೆ. ಆದರೆ ಹೊರಗಿದ್ದಾಗ ಹೊಸ ವೀಸಾಗೆ ಅರ್ಜಿ ಹಾಕಿಬಿಟ್ಟರೆ ಈ ಸೌಲಭ್ಯ ಇಲ್ಲ. ಇದನ್ನು ಮರೆಯಲೇಬೇಡಿ.

ಮೊದಲು ವಿಮಾನದಲ್ಲಿ ಬರೋಣ ಅಂತ ಒಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದೆ. ಆ ಹುಡುಗಿಗೆ ಈ ನಿಯಮದ ಹೆಸರೇ ಗೊತ್ತಿರಲಿಲ್ಲ. 'ವೀಸಾ ಚಾಲ್ತಿಯಲ್ಲಿ ಇಲ್ಲದಿದ್ದರೆ ಹತ್ತಿಸಲ್ಲ' ಅಂತ ಒಂದೇ ಮಾತು. ಮೇಲಿನವರಿಗೆ ಕೊಡಿ ಅಂದರೆ ಲೈನೇ ಕಟ್ಟಾಯಿತು. ತುಂಬಾ ಬೇಜಾರಾಯಿತು. ಕಾನೂನು ಕೊಟ್ಟಿರೋದನ್ನು ಟಿಕೆಟ್ ಮಾರುವವರು ಇಲ್ಲ ಅನ್ನೋದು ಯಾವ ನ್ಯಾಯ?

ಬೆಳಗಿನ ರೈಲು ಆರು ಗಂಟೆ ಚಿಲ್ಲರೆಗೆ. ಸ್ಟೇಷನ್ ಇರೋದು ಮೇನ್ ಸ್ಟ್ರೀಟ್–ಸೈನ್ಸ್ ವರ್ಲ್ಡ್ ಸ್ಕೈಟ್ರೇನ್ ನಿಲ್ದಾಣದ ಎದುರಿಗೇ. ಗಂಟೆಗೂ ಮುಂಚೆಯೇ ಹೋಗಿ, ಸಾಲು ಉದ್ದ ಇರುತ್ತದೆ. ಮೊದಲು ಸೀಟ್ ನಂಬರ್ ಕೊಡುತ್ತಾರೆ, ಆಮೇಲೆ ಅಮೆರಿಕದ ಆಫೀಸರ್ ಮುಂದೆ ನಿಲ್ಲಬೇಕು.

ಆಫೀಸರ್ ವೀಸಾ ಪುಟ ತೆಗೆದು, 'ಇದು ಮುಗಿದಿದೆಯಲ್ಲ' ಅಂದರು. ನಾನು ಎಚ್-1ಬಿ ಮಂಜೂರಾದ ಪತ್ರ, ಐ-797ರ ಒರಿಜಿನಲ್ ಮುಂದಿಟ್ಟು ನಿಯಮದ ಹೆಸರು ಹೇಳಿದೆ. ಅವರು ಆ ಹಾಳೆಯ ಕೆಳಭಾಗಕ್ಕೆ ಬೆರಳಿಟ್ಟು ತಾರೀಖು ಓದಿದರು. ಅಲ್ಲೇ ಇರೋದು ನಮ್ಮ ಐ-94. ಇಲ್ಲೇ ಸ್ಟೇಟಸ್ ಬದಲಾಯಿಸಿಕೊಂಡವರು ಆ ತುಂಡನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು. ಎಷ್ಟು ದಿನ ಹೋಗಿದ್ದಿರಿ, ಕೆನಡಾದಲ್ಲಿ ವೀಸಾಗೆ ಅರ್ಜಿ ಹಾಕಿದಿರಾ, ಕೆಲಸ ಎಲ್ಲಿ ಅಂತ ಕೇಳಿದರು. ಆಮೇಲೆ ಬ್ಯಾಗಿನಲ್ಲಿ ತಿನ್ನೋ ಪದಾರ್ಥ ಏನಿದೆ ಅಂದರು. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ, ಕೋಡುಬಳೆ ಎರಡನ್ನೂ ಹೇಳಿದೆ. ಸರಿ, ಹೋಗಿ ಅಂದರು. ಗದರಿಕೆ ಇಲ್ಲ, ಪಕ್ಕದ ಕೋಣೆಗೆ ಕರೆದು ಕೂರಿಸಿದ್ದಿಲ್ಲ. ಆ ಮನುಷ್ಯನಿಗೆ ಒಳ್ಳೆಯದಾಗಲಿ.

ಪ್ರಯಾಣ ಸುಮಾರು ನಾಲ್ಕು ಗಂಟೆ. ಬಲಗಡೆ ಕಿಟಕಿಯ ಸೀಟ್ ಸಿಕ್ಕರೆ ಬಿಡಬೇಡಿ. ಫ್ರೇಸರ್ ನದಿ ದಾಟಿ ವೈಟ್ ರಾಕ್ ಹತ್ತಿರ ಹಳಿ ಸಮುದ್ರದ ಅಂಚಿಗೇ ಬರುತ್ತದೆ. ಗಡಿ ದಾಟಿ ಬ್ಲೇನ್‌ನಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು. ಆಫೀಸರ್‌ಗಳು ಬೋಗಿಗಳಲ್ಲಿ ಓಡಾಡಿ ಇಳಿದರು, ಗಾಬರಿ ಆಗಬೇಕಿಲ್ಲ. ಎವೆರೆಟ್ ಆದಮೇಲೆ ಎಡ್ಮಂಡ್ಸ್ ತನಕ ಮತ್ತೆ ನೀರಿನ ಪಕ್ಕದಲ್ಲೇ ದಾರಿ. ಕಾಲು ಚಾಚೋಕೆ ಜಾಗ ಧಾರಾಳ, ಬಿಸ್ಟ್ರೋ ಬೋಗಿಯಲ್ಲಿ ಕಾಫಿ ಸಿಗುತ್ತದೆ. ಕೋಡುಬಳೆ ಬೆಲಿಂಗ್‌ಹ್ಯಾಮ್ ಬರುವಷ್ಟರಲ್ಲೇ ಅರ್ಧ ಖಾಲಿ.

ಹೊರಡುವ ಮೊದಲು ಎರಡು ಮಾತು. ಭಾರತದ ಪಾಸ್‌ಪೋರ್ಟಿಗೆ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು, ಅದಕ್ಕೆ ವಾರಗಟ್ಟಲೆ ಮುಂಚೆ ಅರ್ಜಿ ಹಾಕಿ. ಕಂಪನಿ ನಿಮಗಾಗಿ ಹಾಕಿದ ಎಚ್-1ಬಿ ಅರ್ಜಿಯಲ್ಲೇ (ಪಿಟಿಷನ್) ಏನಾದರೂ ತೊಡಕಿದ್ದರೆ, ಕೆಲಸ ಬಿಟ್ಟಿದ್ದರೆ, ಈ ರೈಲು ಹತ್ತುವ ಧೈರ್ಯ ಮಾಡಬೇಡಿ, ಮೊದಲು ವಕೀಲರನ್ನು ಕೇಳಿ. ಉಳಿದವರು ಐ-797, ಇತ್ತೀಚಿನ ಸಂಬಳದ ಚೀಟಿ, ನಿಯಮದ ಒಂದು ಪ್ರಿಂಟ್ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ. ಮನೆಗೆ ಬಂದಮೇಲೆ ಐ-94 ವೆಬ್‌ಸೈಟ್ ನೋಡಿ. ಹೊಸ ದಾಖಲೆ ಬಂದಿದ್ದರೆ ಅದರಲ್ಲಿ ಎಚ್-1ಬಿ ಅಂತ ಇದೆಯಾ, ತಾರೀಖು ಸರಿ ಇದೆಯಾ ಅಂತ ಆವತ್ತೇ ಪರೀಕ್ಷೆ ಮಾಡಿ.