ಕತ್ತಿ ಕೊಳ್ಳುವ ಮೊದಲು ಓದಬೇಕಾದವು: ಮಲೆನಾಡಿನ ಹಳೆಯ ಕಾಳಗಗಳನ್ನು ಕಟ್ಟಿ ತೋರಿಸುವವರಿಗೆ

ಶಿವಮೊಗ್ಗದ ಕಡೆ ಕೆಳದಿಯ ಸೈನಿಕರನ್ನು ಮತ್ತೆ ಕಟ್ಟಿ ತೋರಿಸಬೇಕೆಂಬ ಆಸೆ ಹುಟ್ಟಿದ ಗುಂಪು ಸಾಮಾನ್ಯವಾಗಿ ಮೊದಲು ಹೋಗುವುದು ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಗೆ. ಅಲ್ಲಿ ಜರಿ ಅಂಚಿನ ಸ್ಯಾಟಿನ್ ಅಂಗಿ, ತಗಡಿನ ಎದೆಕವಚ, ಬಣ್ಣ ಬಳಿದ ಥರ್ಮೊಕೋಲ್ ಗುರಾಣಿ ಸಿಗುತ್ತವೆ. ದಸರಾ ಮೆರವಣಿಗೆಯ ಸ್ತಬ್ಧಚಿತ್ರಕ್ಕೆ ಇಷ್ಟು ಸಾಕು. ರೀನಾಕ್ಟ್‌ಮೆಂಟ್ ಅನ್ನುವ ಹವ್ಯಾಸಕ್ಕೆ ಸಾಲದು. ಮೈಮೇಲಿರುವ ಒಂದೊಂದು ವಸ್ತುವನ್ನೂ ತೋರಿಸಿ ‘ಇದಕ್ಕೆ ಆಧಾರ ಏನು?’ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಬರಬೇಕು. ಆ ಉತ್ತರಗಳು ಯಾವ ಪುಸ್ತಕದಲ್ಲಿವೆ, ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ವಿಮರ್ಶೆಯ ವಿಷಯ.

ಪುಸ್ತಕ ತೆರೆಯುವ ಮುಂಚೆ ಒಂದು ಇಸವಿ ಆರಿಸಿಕೊಳ್ಳಿ. ‘ಕೆಳದಿ ಕಾಲ’ ಅಂದರೆ ಏನನ್ನೂ ಹೇಳಿದ ಹಾಗಾಗುವುದಿಲ್ಲ, ಅದು ಎರಡೂವರೆ ಶತಮಾನದಷ್ಟು ಉದ್ದ. 1623ರ ಇಕ್ಕೇರಿಯ ಕಾವಲುಗಾರ, 1763ರ ಜನವರಿಯಲ್ಲಿ ಹೈದರ್ ಅಲಿಯ ಸೈನ್ಯ ಬಿದನೂರಿಗೆ (ಹೊಸನಗರ ತಾಲೂಕಿನ ಇಂದಿನ ನಗರ) ನುಗ್ಗಿದಾಗ ಅಲ್ಲಿದ್ದ ಬಂಟ, 1783ರಲ್ಲಿ ಅದೇ ಕೋಟೆಯನ್ನು ಇಂಗ್ಲಿಷರಿಂದ ಮರಳಿ ಕಿತ್ತುಕೊಂಡ ಟಿಪ್ಪುವಿನ ಸಿಪಾಯಿ, ಈ ಮೂವರನ್ನೂ ಒಂದೇ ಉಡುಪಿನಲ್ಲಿ ನಿಲ್ಲಿಸಲು ಆಗದು. ಹೊಸಬರ ಗುಂಪುಗಳು ಎಡವುವುದು ಹೆಚ್ಚಾಗಿ ಇಲ್ಲೇ. ಒಬ್ಬನ ಕೈಯಲ್ಲಿ ಹದಿನೇಳನೇ ಶತಮಾನದ ಕಠಾರಿ, ಪಕ್ಕದವನ ಹೆಗಲ ಮೇಲೆ ಅಜ್ಜನ ಕಾಲದ ಕೇಪಿನ ಕೋವಿ. ಕೇಪು, ಅಂದರೆ ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಸಣ್ಣ ಲೋಹದ ಟೊಪ್ಪಿ, ಬಂದದ್ದೇ ಹತ್ತೊಂಬತ್ತನೇ ಶತಮಾನದಲ್ಲಿ. ಬಿದನೂರು ಬಿದ್ದು ಅರ್ಧ ಶತಮಾನ ಕಳೆದ ಮೇಲಿನ ಮಾತು ಅದು.

ಹತ್ತು ಜನರ ಗುಂಪಿಗೆ ನಮ್ಮ ಮೊದಲ ಶಿಫಾರಸು ಕೆಳದಿಯೂ ಅಲ್ಲ, ಟಿಪ್ಪುವೂ ಅಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳು. 1902 ಮತ್ತು 1904ರಲ್ಲಿ ಬಂದ ಇವು ಆಗಿನ ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಗ್ರಹ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಏಳರಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿ. ಶಾಸನದ ಪುಸ್ತಕದಲ್ಲಿ ಸೈನಿಕನಿಗೇನು ಕೆಲಸ ಅಂತ ಅನ್ನಿಸಬಹುದು. ಸೊರಬ, ಶಿಕಾರಿಪುರದ ಪುಟಗಳನ್ನು ತಿರುವಿದರೆ ವೀರಗಲ್ಲುಗಳ ಶಾಸನ ಒಂದರ ಹಿಂದೊಂದು ಬರುತ್ತವೆ: ತುರುಗೋಳಿನಲ್ಲಿ (ದನ ಹೊಡೆದುಕೊಂಡು ಹೋಗುವ ದಾಳಿಯಲ್ಲಿ) ಹಸು ಬಿಡಿಸಿ ಸತ್ತವನು, ಊರಳಿವಿನಲ್ಲಿ ಕಾದಿ ಬಿದ್ದವನು, ಹೆಣ್ಣಿನ ಮಾನ ಕಾಯಲು ಹೋಗಿ ಮಡಿದವನು. ಹೆಸರು, ಊರು, ಕಾರಣ, ಎಷ್ಟೋ ಕಡೆ ತಿಥಿಯೂ ಇದೆ. ಇವು ಸಾವಿರಾರು ಸೈನಿಕರ ಯುದ್ಧಗಳಲ್ಲ, ಊರಂಚಿನ ಕಾಳಗಗಳು. ಹಾಗಾಗಿ ಹತ್ತು ಜನ ಸೇರಿ ಸುಳ್ಳಿಲ್ಲದೆ ತೋರಿಸಬಹುದಾದದ್ದು ಇದೇ. ಹತ್ತು ಜನ ನಿಂತು ಬಿದನೂರಿನ ಮುತ್ತಿಗೆ ತೋರಿಸಿದರೆ ನೋಡುವವರಿಗೆ ಮುತ್ತಿಗೆ ಕಾಣುವುದಿಲ್ಲ. ಹನ್ನೆರಡನೇ ಶತಮಾನದ ತುರುಗೋಳಿಗೆ ಕೋವಿ ಬೇಡ, ಮದ್ದು ಬೇಡ, ಅದರ ಲೈಸೆನ್ಸಿನ ಚಿಂತೆಯೂ ಇಲ್ಲ.

ಈ ಸಂಪುಟಗಳನ್ನು ಬಳಸುವ ಕ್ರಮ ಒಂದಿಷ್ಟು ಕಲಿಯಬೇಕು. ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ ಬೇರೆ ಬೇರೆ ಭಾಗಗಳಲ್ಲಿವೆ. ತಾಲೂಕಿನ ಹೆಸರು ಮತ್ತು ಶಾಸನದ ಸಂಖ್ಯೆ ಹಿಡಿದುಕೊಂಡೇ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಪುಟ ಸಂಖ್ಯೆ ಗುರುತು ಹಾಕಿಕೊಂಡರೆ ಪ್ರಯೋಜನವಿಲ್ಲ. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಡೀ ಸಂಪುಟ ಪ್ರಿಂಟ್ ಹಾಕಿಸಬೇಡಿ. ನಿಮ್ಮ ತಾಲೂಕಿನ ಅನುವಾದ ಮತ್ತು ಕನ್ನಡ ಪಾಠದ ಪುಟಗಳನ್ನಷ್ಟೇ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಊರೂರು ತಿರುಗುವಾಗ ಚೀಲದಲ್ಲಿ ಹಿಡಿಸುತ್ತದೆ. ಕೊರತೆಯೆಂದರೆ, ರೈಸ್‌ಗೆ ಅಕ್ಷರದ ಮೇಲೆ ಗಮನ, ಶಿಲ್ಪದ ಮೇಲಲ್ಲ. ಗುರಾಣಿ ದುಂಡೋ ಉದ್ದವೋ, ಸೊಂಟದಲ್ಲಿ ಕಠಾರಿ ಇದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಕಲ್ಲಿನ ಮುಂದೆಯೇ ಹೋಗಿ ನಿಲ್ಲಬೇಕು.

ಕಲ್ಲು ಓದುವುದಕ್ಕೂ ಒಂದು ಶಿಸ್ತಿದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಉಡುಪು, ಆಯುಧಕ್ಕೆ ಕೆಳಗಿನ ಪಟ್ಟಿಯನ್ನೇ ನೋಡಿ. ಮೇಲೆ ಹೋದ ಹಾಗೆ ಅವನು ದೇವಲೋಕದವನು, ಅಲ್ಲಿನ ಒಡವೆಗಳನ್ನು ಸೈನಿಕನ ಮೈಗೆ ಹಾಕಬಾರದು. ನೆತ್ತಿಯ ಮೇಲೆ ಬಿಸಿಲಿರುವಾಗ ಗೆರೆಗಳು ಅಳಿಸಿದಂತೆ ಕಾಣುತ್ತವೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋದರೆ ಓರೆ ಬೆಳಕಿನಲ್ಲಿ ಬಟ್ಟೆಯ ನಿರಿಗೆಯೂ ಎದ್ದು ಬರುತ್ತದೆ. ಮೋಡದ ದಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ, ಎಣ್ಣೆ, ಹಿಟ್ಟು ಬಳಿಯುವುದು ಬೇಡವೇ ಬೇಡ. ಹಾವಸೆ ಕೆರೆಯಲು ಹೋದರೆ ಅದರ ಜೊತೆ ಕಲ್ಲಿನ ಹೊರಪದರವೂ ಉದುರುತ್ತದೆ.

ಅಳತೆ ತೆಗೆಯುವಾಗ ವೀರನನ್ನು ಎದುರಾಳಿಯ ಜೊತೆ ಹೋಲಿಸಬೇಡಿ. ಶಿಲ್ಪಿ ವೀರನನ್ನು ಬೇಕೆಂದೇ ದೊಡ್ಡದಾಗಿ ಕೆತ್ತಿರುತ್ತಾನೆ. ಒಂದೇ ಮೈಯೊಳಗಿನ ಪ್ರಮಾಣ ಹಿಡಿಯಿರಿ. ಕಲ್ಲಿನಲ್ಲಿ ವೀರ 30 ಸೆಂ.ಮೀ. ಎತ್ತರ, ಅವನ ಗುರಾಣಿ 12 ಸೆಂ.ಮೀ. ಇದ್ದರೆ ಗುರಾಣಿ ಅವನ ಎತ್ತರದ ನೂರಕ್ಕೆ ನಲವತ್ತು. ಕಟ್ಟುವವನು 165 ಸೆಂ.ಮೀ. ಇದ್ದರೆ ಗುರಾಣಿ 66 ಸೆಂ.ಮೀ. ಆಗಬೇಕು. ಕಾಳಗದ ಭಂಗಿಯಲ್ಲಿ ಮೊಣಕಾಲು ಬಾಗಿರುವುದರಿಂದ ತಲೆಯಿಂದ ಪಾದಕ್ಕೆ ನೇರ ಅಳೆದರೆ ಎತ್ತರ ಕಡಿಮೆ ಬರುತ್ತದೆ, ಗುರಾಣಿ ವಿಪರೀತ ದೊಡ್ಡದಾಗುತ್ತದೆ. ತಲೆ, ಮುಂಡ, ತೊಡೆ, ಮೊಣಕಾಲ ಕೆಳಗಿನ ಭಾಗ ಬಿಡಿಬಿಡಿಯಾಗಿ ಅಳೆದು ಕೂಡಿಸಿ. ಈ ಕೆಲಸ ಕಲಿಯಲು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯ ಒಳ್ಳೆಯ ಶಾಲೆ. ಬೇರೆ ಬೇರೆ ಊರಿನ ವೀರಗಲ್ಲುಗಳು ಒಂದೇ ಆವರಣದಲ್ಲಿ ಸಿಗುತ್ತವೆ, ಒಂದು ಶೈಲಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ಕೆಳದಿಯೇ ಬೇಕು ಅನ್ನುವವರಿಗೆ ಅತ್ಯುತ್ತಮ ಬಾಗಿಲು ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆಯ ಪತ್ರಗಳು. 1623ರ ಕೊನೆಯ ಹೊತ್ತಿಗೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿ ತಲುಪಿದವನು. ಕಂಡದ್ದನ್ನು ಕಂಡ ಹಾಗೆ ಬರೆಯುವ ಸ್ವಭಾವ ಅವನದು. ಇಕ್ಕೇರಿಗೆ ಮೂರು ಸುತ್ತಿನ ಆವರಣವಿತ್ತು, ಎಲ್ಲಕ್ಕಿಂತ ಹೊರಗಿನದು ಗೋಡೆಯಲ್ಲ, ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರು, ಒಳಗಿನ ಎರಡು ಮಾತ್ರ ಗೋಡೆ, ಅವೂ ಅಷ್ಟೇನೂ ಗಟ್ಟಿಯಲ್ಲ ಎನ್ನುತ್ತಾನೆ. ಮಲೆನಾಡಿನ ಬಿದಿರು ಮೆಳೆ ಕಂಡವರಿಗೆ ಅದರೊಳಗೆ ಕುದುರೆ ನುಗ್ಗಿಸುವುದು ಎಂಥ ಕೆಲಸ ಎಂದು ಹೇಳಬೇಕಿಲ್ಲ. 1623ನ್ನು ಆರಿಸಿಕೊಂಡ ಗುಂಪು ಹಿನ್ನೆಲೆಗೆ ದೊಡ್ಡ ಕಲ್ಲುಕೋಟೆಯ ಫ್ಲೆಕ್ಸ್ ಕಟ್ಟಿದರೆ ತಪ್ಪು, ನಾಲ್ಕು ಗಳ ನೆಟ್ಟು ಬಿದಿರಿನ ಬೇಲಿ ಹೆಣೆದರೆ ಸರಿ. ಖರ್ಚೂ ಕಡಿಮೆ. ಹಕ್ಲೂಯಿತ್ ಸೊಸೈಟಿ 1892ರಲ್ಲಿ ತಂದ ಇಂಗ್ಲಿಷ್ ಆವೃತ್ತಿಯಲ್ಲಿ ಇಕ್ಕೇರಿಯ ಭಾಗ ಎರಡನೇ ಸಂಪುಟದಲ್ಲಿದೆ. ಅದರ ಮೂಲ ಅನುವಾದ 1664ರದ್ದು, ಹೆಸರುಗಳ ಕಾಗುಣಿತ ಇಂದಿನದಲ್ಲ. ನಾಯಕನ ಹೆಸರನ್ನು ಈಗ ಬರೆಯುವ ಹಾಗೆ ಟೈಪ್ ಮಾಡಿ ಹುಡುಕಿದರೆ ಏನೂ ಸಿಗದೆ ‘ಇದರಲ್ಲಿಲ್ಲ’ ಎಂದು ಮುಚ್ಚಿಡುವ ಅಪಾಯವಿದೆ. ಪುಟ ಪುಟವೇ ಓದಬೇಕು. ಅವನು ಅತಿಥಿಯಾಗಿ ಬಂದವನು ಎಂಬುದೂ ನೆನಪಿರಲಿ. ಅವನ ಕಣ್ಣಿಗೆ ಬಿದ್ದದ್ದು ಸ್ವಾಗತಕ್ಕೆ ನಿಂತ ಸಿಪಾಯಿಗಳು, ರಣದಲ್ಲಿ ನಿಂತವರಲ್ಲ.

ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಓದಿರಬೇಕಾದ ಚಂಪೂಕಾವ್ಯ. ಯಾವ ನಾಯಕನ ಕಾಲಕ್ಕೆ ಯಾರ ಮೇಲೆ ದಂಡು ಹೋಯಿತು, ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೇಗೆ ಸರಿಯಿತು, ರಾಣಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು ಹೇಗೆ, ಇದೆಲ್ಲಕ್ಕೆ ಇದೇ ಮುಖ್ಯ ಆಧಾರ. ಹಳಗನ್ನಡ ಕಷ್ಟವಾದರೆ ಮೊದಲ ಸುತ್ತಿನಲ್ಲಿ ಗದ್ಯಭಾಗಗಳನ್ನಷ್ಟೇ ಓದಿ, ಘಟನೆಗಳ ಸಾಲು ಅಲ್ಲೇ ಸಿಗುತ್ತದೆ. ಕಾಳಗದ ಪದ್ಯಗಳಲ್ಲಿ ಬರುವ ಆಯುಧಗಳನ್ನು ಮಾತ್ರ ಕಿಟ್ ಪಟ್ಟಿಗೆ ಇಳಿಸಬೇಡಿ. ಅದು ಕಾವ್ಯದ ವರ್ಣನೆ, ಉಗ್ರಾಣದ ಲೆಕ್ಕವಲ್ಲ.

ಇದೇ ಎಚ್ಚರಿಕೆ ಇನ್ನೂ ಜೋರಾಗಿ ಹೇಳಬೇಕಾದದ್ದು ‘ಶಿವತತ್ತ್ವರತ್ನಾಕರ’ದ ಬಗ್ಗೆ. ದೊರೆ ಬಸವಪ್ಪ ನಾಯಕನೇ 1709ರಲ್ಲಿ ಮುಗಿಸಿದ, 108 ತರಂಗಗಳ ಸಂಸ್ಕೃತ ವಿಶ್ವಕೋಶ. ಆನೆ, ಕುದುರೆ, ಆಯುಧ, ಅಡುಗೆ ಎಲ್ಲವೂ ಇರುವುದರಿಂದ ಹೊಸಬರು ನಿಧಿ ಸಿಕ್ಕಂತೆ ಹಿಗ್ಗುತ್ತಾರೆ. ಗ್ರಂಥ ದೊಡ್ಡದೇ, ಅದರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಶಾಸ್ತ್ರಭಾಗಗಳಲ್ಲಿ ಹಳೆಯ ಗ್ರಂಥಗಳಿಂದ ತೆಗೆದುಕೊಂಡದ್ದು ಬಹಳ. 1709ರ ಸಿಪಾಯಿ ಹಾಗೆಯೇ ಇದ್ದ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು. ಕೆಳದಿ ವಂಶದ ಚರಿತ್ರೆ ಹೇಳುವ ಭಾಗಗಳಿಗೆ ಹೆಚ್ಚು ತೂಕ ಕೊಡಿ. ಈ ಎರಡು ಗ್ರಂಥ ಹಿಡಿದವರು ಸಾಗರ ತಾಲೂಕಿನ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗಲೇಬೇಕು. ಓಲೆಗರಿ, ನಾಣ್ಯ, ಆಯುಧಗಳನ್ನು ಕಣ್ಣಾರೆ ಕಂಡ ಮೇಲೆ ಅದೇ ಪುಟ ಬೇರೆಯಾಗಿ ಓದಿಸಿಕೊಳ್ಳುತ್ತದೆ.

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಈ ಸೀಮೆ ಸುತ್ತಿ 1807ರಲ್ಲಿ ಮೂರು ಸಂಪುಟ ಹೊರತಂದ. ಬೆಳೆ, ಬಟ್ಟೆ, ತೂಕ, ಅಳತೆ, ಊಟಕ್ಕೆ ಅದು ಉಪಯುಕ್ತ, ಸೈನಿಕನಿಗೆ ಅಲ್ಲ. ಬಿಡಾರದ ಅಡುಗೆ ತೋರಿಸುವವರು ಓದಲಿ, ಉಳಿದವರು ಮುಂದೂಡಬಹುದು.

1783ಕ್ಕೆ ಕೈ ಹಾಕುವವರಿಗೆ ಟಿಪ್ಪುವಿನ ಸೈನ್ಯದ ಪಾರಸಿ ಕೈಪಿಡಿ ‘ಫತಹುಲ್ ಮುಜಾಹಿದೀನ್’ ಇದೆ. ಪಡೆಗಳ ರಚನೆ, ಕವಾಯತು, ರಾಕೆಟ್ ದಳದ ವಿಷಯಕ್ಕೆ ಅದೇ ಬುನಾದಿ. ಪಾರಸಿ ಬಾರದವರು ಅದನ್ನು ಆಧರಿಸಿದ ಸಂಶೋಧನೆಗಳ ಮೂಲಕವೇ ಹೋಗಬೇಕು. ಹುಲಿಪಟ್ಟೆಯ ಹತ್ತಿ ಅಂಗಿಯ ಸಿಪಾಯಿಯನ್ನು ಕಟ್ಟುವವರು ರಾಬರ್ಟ್ ಹೋಮ್‌ನ ಚಿತ್ರ ನೋಡುತ್ತಾರೆ, ನೋಡಬೇಕಾದದ್ದೇ. ಆದರೆ ಆತ ಬರೆದದ್ದು 1790ರ ದಶಕದ ಯುದ್ಧದ ಸಮಯದಲ್ಲಿ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ರಾಕೆಟ್ಟಿಗೆ ಪುಸ್ತಕಕ್ಕಿಂತ ಹತ್ತಿರದ ಆಧಾರ ನಮ್ಮಲ್ಲೇ ಇದೆ. ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರದಷ್ಟು ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಹೊರತೆಗೆದು ಶಿವಮೊಗ್ಗಕ್ಕೆ ತಂದಿತು. ಕಬ್ಬಿಣದ ಕೊಳವೆಯ ದಪ್ಪ, ಮುಚ್ಚಿದ ತುದಿ ನೋಡಿಕೊಂಡು ಖಾಲಿ ಕೊಳವೆಯನ್ನು ಚರ್ಮದ ಪಟ್ಟಿಯಿಂದ ಬಿದಿರಿಗೆ ಬಿಗಿದು ಪ್ರದರ್ಶನಕ್ಕೆ ಇಡಬಹುದು. ಒಳಗೆ ಒಂದು ಚಿಟಿಕೆ ಮದ್ದೂ ಬೇಡ. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸುವುದು ಅಪರಾಧ, ಬಿಗಿದ ಕಬ್ಬಿಣದ ಕೊಳವೆ ಸಿಡಿದರೆ ಚೂರಾಗಿ ಹಾರುತ್ತದೆ.

ಓದುವ ಪಟ್ಟಿಯಲ್ಲಿ ಯಾರೂ ಸೇರಿಸದ, ಎಲ್ಲರೂ ಓದಲೇಬೇಕಾದದ್ದು 2016ರ ಶಸ್ತ್ರಾಸ್ತ್ರ ನಿಯಮಗಳು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಹರಿತವಾದ ಕತ್ತಿ, ಕಠಾರಿ, ಈಟಿಗಳು ಅದರ ಪಟ್ಟಿಯಲ್ಲಿವೆ. ಕುಲುಮೆಯಲ್ಲಿ ಕತ್ತಿ ಮಾಡಿಸುವ ಮೊದಲು ಪೊಲೀಸ್ ಠಾಣೆಯಲ್ಲಿ ಕೇಳಿ, ಮಾಡಿಸಿದರೂ ಅಂಚು ಕನಿಷ್ಠ 2 ಮಿ.ಮೀ. ದಪ್ಪಕ್ಕೆ ಉರುಟಾಗಿ, ತುದಿ ಮೊಂಡಾಗಿರಲಿ. ಬೆಳೆ ರಕ್ಷಣೆಗೆಂದು ತೋಟದ ಮನೆಯಲ್ಲಿರುವ ಕೋವಿಯನ್ನು ಪ್ರದರ್ಶನಕ್ಕೆ ತರಬಹುದೆಂದು ಬಹಳ ಜನ ತಿಳಿದಿದ್ದಾರೆ. ಆ ಲೈಸೆನ್ಸ್ ಕೊಟ್ಟಿರುವುದು ಬೆಳೆ ಕಾಯಲಿಕ್ಕೆ. ನಗರದ ಕೋಟೆಯಂಥ ಸಂರಕ್ಷಿತ ಸ್ಮಾರಕದೊಳಗೆ ಕಾರ್ಯಕ್ರಮ ಮಾಡಲು ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಬೇಕು. ಪಕ್ಕದ ಗದ್ದೆ ಬಯಲಾದರೆ ಗದ್ದೆಯವರ ಒಪ್ಪಿಗೆ, ಪಂಚಾಯಿತಿಗೆ ಒಂದು ಅರ್ಜಿ, ಠಾಣೆಗೆ ಒಂದು ಮಾಹಿತಿಯಿಂದ ಶುರು ಮಾಡಬಹುದು.

ಓದಿದ್ದು ಕೈಗೆ ಬರಬೇಕಾದರೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ: ವಸ್ತು, ಅದರ ಆಧಾರ ಮತ್ತು ಇಸವಿ, ನಾವು ಬದಲಿಗೆ ಬಳಸಿದ್ದು. ಆಧಾರದ ಅಂಕಣ ಖಾಲಿ ಉಳಿದ ವಸ್ತುವಿಗೆ ದುಡ್ಡು ಹಾಕಬೇಡಿ. ಮೊದಲು ಬಟ್ಟೆ, ಆಮೇಲೆ ನಡುಕಟ್ಟು ಮತ್ತು ತಲೆಯುಡುಗೆ, ಗುರಾಣಿ, ಕೊನೆಗೆ ಆಯುಧ. ಬಟ್ಟೆ ಕೈಮಗ್ಗದ ಹತ್ತಿಯದೇ ಆಗಲಿ. ಪಾಲಿಯೆಸ್ಟರ್ ಪಂಜಿನ ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಕೆಂಗಂದು ಬಣ್ಣಕ್ಕೆ ಅಡಿಕೆ ಬೇಯಿಸಿದ ಚೊಗರು ಮನೆಯ ಹತ್ತಿರವೇ ಸಿಗುತ್ತದೆ. ಹೆಗ್ಗೋಡು, ಭೀಮನಕೋಣೆ ಕಡೆ ಅದರಿಂದ ಬಣ್ಣ ಕಟ್ಟುವುದನ್ನು ಬಲ್ಲವರಿದ್ದಾರೆ. ಪಟಕದಿಂದ ಹದ ಮಾಡದ ಬಟ್ಟೆಗೆ ಚೊಗರು ಸಮನಾಗಿ ಹಿಡಿಯುವುದಿಲ್ಲ, ಕಬ್ಬಿಣದ ಪಾತ್ರೆಯಲ್ಲಿ ಅದ್ದಿದರೆ ಕಪ್ಪಿಗೆ ತಿರುಗುತ್ತದೆ. ಹೆಚ್ಚಿನ ವೀರಗಲ್ಲುಗಳಲ್ಲಿ ಕಾಲು ಬರಿಗಾಲು. ಜಂಬಿಟ್ಟಿಗೆಯ ನೆಲದಲ್ಲಿ, ಇಂಬಳದ ಕಾಲದಲ್ಲಿ ಅದನ್ನು ಪಾಲಿಸುವುದು ಕಷ್ಟ, ಆದ್ದರಿಂದ ತಾಲೀಮನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಮಳೆಗಾಲ ಓದಿಗಿರಲಿ. ಆಗ ಕತ್ತಿಗೆ ತುಕ್ಕು, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿ ಇಡಿ, ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಕೆಲವು ತಿಂಗಳಲ್ಲೇ ಜಿಗುಟಾಗಿ ಧೂಳು ಹಿಡಿಯುತ್ತದೆ.

ಒಂದೇ ಪುಸ್ತಕಕ್ಕೆ ಸಮಯವಿದ್ದರೆ ಎಂಟನೇ ಸಂಪುಟದ ಸೊರಬ ತಾಲೂಕಿನ ಭಾಗ. ಎರಡಕ್ಕಾದರೆ ಜೊತೆಗೆ ದೆಲ್ಲಾ ವಾಲ್ಲೆಯ ಇಕ್ಕೇರಿಯ ಪುಟಗಳು. ಬಿಟ್ಟರೂ ನಷ್ಟವಿಲ್ಲದ್ದು ಕ್ಯಾಲೆಂಡರ್ ಚಿತ್ರ, ಸಿನಿಮಾ ಪೋಸ್ಟರ್, ವೃತ್ತದ ಪ್ರತಿಮೆ ನೋಡಿ ಉಡುಪು ವಿವರಿಸುವ ಕಿರುಪುಸ್ತಕಗಳು. ಅವುಗಳಲ್ಲಿ ಬಹುತೇಕಕ್ಕೆ ಆಧಾರದ ಸಾಲೇ ಇರುವುದಿಲ್ಲ.