ತುಂಗೆಯ ಹನ್ನೊಂದು ತಿಂಗಳು: ಒಂದು ಕುದುರೆ ಆರೈಕೆ ಲಾಯದ ಬಗ್ಗೆ

ಕಾಲಿಗೆ ಪೆಟ್ಟಾದ ಕುದುರೆಗಳನ್ನು ತಿಂಗಳುಗಟ್ಟಲೆ ಇರಿಸಿಕೊಂಡು ಆರೈಕೆ ಮಾಡುವ ಲಾಯಗಳು ನಮ್ಮಲ್ಲಿ ತೀರ ಕಡಿಮೆ. ಬೆಂಗಳೂರಿನ ಉತ್ತರ ಹೊರವಲಯದಲ್ಲಿರುವ ಅಂಥ ಒಂದು ಲಾಯದಲ್ಲಿ ನಮ್ಮ ಕುದುರೆ ತುಂಗೆಯನ್ನು 2024ರ ಮಾರ್ಚ್‌ನಿಂದ 2025ರ ಜನವರಿಯವರೆಗೆ ಬಿಟ್ಟಿದ್ದೆ. ಇಷ್ಟು ದೀರ್ಘ ಕಾಲ ಹತ್ತಿರದಿಂದ ನೋಡಿದ ಮೇಲೆ ಬರೆಯುತ್ತಿರುವುದರಿಂದ, ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಎರಡನ್ನೂ ಹೇಳುತ್ತೇನೆ.

ತುಂಗೆ ರೇಸಿನಿಂದ ನಿವೃತ್ತಳಾದ, ಹತ್ತು ವರ್ಷದ ಥರೋಬ್ರೆಡ್ ತಳಿಯ ಹೆಣ್ಣು ಕುದುರೆ. ಫೆಬ್ರವರಿಯ ಒಂದು ಬೆಳಿಗ್ಗೆ ತಗ್ಗುದಿಣ್ಣೆಯ ನೆಲದಲ್ಲಿ ಓಡುವಾಗ ಎಡ ಮುಂಗಾಲಿನ ಹಿಂಬದಿಯ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹಗ್ಗದಂಥ ನಾರು, ಹರಿಯಿತು. ಮೊಣಕಾಲಿನ ಕೆಳಗೆ ಕಾಲು ಬಿಲ್ಲಿನಂತೆ ಬಾಗಿ ಉಬ್ಬಿಕೊಂಡಿತ್ತು. ಕುದುರೆಯ ಕಾಲಿನಲ್ಲಿ ಆ ಭಾಗದಿಂದ ಕೆಳಗೆ ಮಾಂಸಖಂಡವೇ ಇರುವುದಿಲ್ಲ. ಮೂಳೆ, ಟೆಂಡನ್, ಚರ್ಮ, ಇಷ್ಟೇ. ರಕ್ತಸಂಚಾರ ಕಡಿಮೆಯಾದ್ದರಿಂದ ಅಲ್ಲಿನ ಗಾಯ ಮಾಯುವುದೂ ನಿಧಾನ. ಹರಿದ ಜಾಗದಲ್ಲಿ ಮೊದಲು ಬೆಳೆಯುವ ಎಳೆಗಳು ದುರ್ಬಲವಾಗಿ, ದಿಕ್ಕಾಪಾಲಾಗಿ ಹೆಣೆದುಕೊಂಡಿರುತ್ತವೆ. ಅವು ಕಾಲಿನ ಉದ್ದಕ್ಕೆ ಸಾಲಾಗಿ ಜೋಡಿಕೊಂಡು ಗಟ್ಟಿಯಾಗಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಕುದುರೆ ಕುಂಟುವುದು ನಿಲ್ಲುವುದಾದರೋ ಕೆಲವೇ ವಾರಗಳಲ್ಲಿ. ಮಾಲೀಕರು ಎಡವುವುದು ಇಲ್ಲಿಯೇ: ಕುಂಟು ಹೋಯಿತು ಎಂದು ಬಯಲಿಗೆ ಬಿಡುತ್ತಾರೆ, ಕುದುರೆ ನಾಲ್ಕು ಹೆಜ್ಜೆ ಓಡುತ್ತದೆ, ಟೆಂಡನ್ ಮತ್ತೆ ಹರಿಯುತ್ತದೆ.

ನಾನು ಮೊದಲು ಕುದುರೆಯನ್ನು ಬಿಟ್ಟಿದ್ದ ಬೇರೊಂದು ಜಾಗದಲ್ಲಿ ಎರಡೇ ವಾರದಲ್ಲಿ ಬುದ್ಧಿ ಕಲಿತೆ. ಅಲ್ಲಿ ಕಾಲಿಗೆ ಪಟ್ಟಿ ಕಟ್ಟುವಾಗ ಒಳಗಿನ ಹತ್ತಿಯ ಪದರವನ್ನು ಸಾಲದಷ್ಟು ತೆಳುವಾಗಿಟ್ಟು, ಮೇಲಿನ ಪಟ್ಟಿಯನ್ನು ಒಂದೆಡೆ ಬಿಗಿಯಾಗಿಯೂ ಇನ್ನೊಂದೆಡೆ ಸಡಿಲವಾಗಿಯೂ ಸುತ್ತಿ, ರಾತ್ರಿಯಿಡೀ ಬಿಚ್ಚದೆ ಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಟೆಂಡನ್ನಿನ ಮೇಲೆಯೇ ಪಟ್ಟಿಯ ಅಂಚು ಒತ್ತಿ ಬರೆ ಬಿದ್ದಿತ್ತು, ಕೂದಲು ಉದುರಿತ್ತು. ಅಲ್ಲಿಂದ ತುಂಗೆಯನ್ನು ಈ ಲಾಯಕ್ಕೆ ತಂದೆ.

ಇಲ್ಲಿನ ಹಿರಿಯ ಸಯೀಸರು (ಕುದುರೆ ನೋಡಿಕೊಳ್ಳುವವರು) ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಕೆಲಸ ಕಲಿತವರು. ಮೊದಲ ಬೆಳಿಗ್ಗೆ ಅವರು ತುಂಗೆಯ ಪೆಟ್ಟಾದ ಕಾಲಿನ ಕಡೆ ನೋಡಲೇ ಇಲ್ಲ. ನೇರವಾಗಿ ಬಲ ಮುಂಗಾಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯ ಹಿಂಭಾಗವನ್ನು ಗೊರಸಿಗೆ ತಾಗಿಸಿ, ಆಮೇಲೆ ಗೆಣ್ಣಿನ ಹಿಂದೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಹತ್ತಿಪ್ಪತ್ತು ಕ್ಷಣ ಹಾಗೆಯೇ ಇದ್ದು, "ಈ ಕಾಲು ತಣ್ಣಗಿದೆ ಮೇಡಂ, ಇನ್ನು ಆ ಕಾಲು ನೋಡೋಣ" ಎಂದರು. ಆ ಕ್ಷಣವೇ ನನಗೆ ಧೈರ್ಯ ಬಂತು. ಕುದುರೆ ತನ್ನ ತೂಕದ ಶೇಕಡ 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಒಂದು ಕಾಲು ನೊಂದರೆ ಇನ್ನೊಂದರ ಮೇಲೆ ಭಾರ ಬೀಳುತ್ತದೆ; ಆ ಗೊರಸಿನ ಒಳಗೆ ಮೂಳೆಯನ್ನು ಗೋಡೆಗೆ ಹಿಡಿದಿಟ್ಟಿರುವ ಬೆಸುಗೆ ಸಡಿಲವಾಗುವ ಅಪಾಯವಿದೆ. ಇದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಗೊರಸು ಬಿಸಿಯಾಗುವುದು, ಗೆಣ್ಣಿನ ಬಳಿ ನಾಡಿ ಜೋರಾಗಿ ಬಡಿಯುವುದು ಇದರ ಮೊದಲ ಸೂಚನೆಗಳು. 2006ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಎಂಬ ಕುದುರೆ ಎರಡು ವಾರಗಳ ನಂತರ ಪ್ರೀಕ್‌ನೆಸ್ ಪಂದ್ಯದಲ್ಲಿ ಬಲ ಹಿಂಗಾಲಿನ ಮೂಳೆ ಮುರಿದುಕೊಂಡಿತು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿತ್ತು, ಆದರೆ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ತಗುಲಿ, ಕೊನೆಗೆ 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಈ ಲಾಯದಲ್ಲಿ ದಿನಕ್ಕೆ ಮೂರು ಬಾರಿ, ಹನ್ನೊಂದು ತಿಂಗಳೂ ತಪ್ಪದೆ, ಒಳ್ಳೆಯ ಕಾಲನ್ನು ಮೊದಲು ಮುಟ್ಟಿ ನೋಡಿದರು. ಪಟ್ಟಿಯನ್ನೂ ಎರಡೂ ಕಾಲಿಗೆ ಕಟ್ಟುತ್ತಿದ್ದರು; ಬಿಚ್ಚಿ, ತಿಕ್ಕಿ, ಮತ್ತೆ ಕಟ್ಟುತ್ತಿದ್ದರು.

ನಡಿಗೆಯ ಲೆಕ್ಕದಲ್ಲಿ ಇವರಷ್ಟು ಕಟ್ಟುನಿಟ್ಟಾದವರನ್ನು ನಾನು ಕಂಡಿಲ್ಲ. ತುಂಗೆಯ ಕೋಣೆಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿ, ಆ ದಿನದ ನಿಮಿಷಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮೊದಲು ಹತ್ತು ನಿಮಿಷ, ಗಟ್ಟಿ ನೆಲದ ಮೇಲೆ, ಕೈಯಲ್ಲಿ ಹಗ್ಗ ಹಿಡಿದು. ಮುಂದೆ ವೈದ್ಯರು ಒಪ್ಪಿದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚು. ಮೂರನೆಯ ತಿಂಗಳು ಅಲ್ಟ್ರಾಸೌಂಡಿನಲ್ಲಿ ಟೆಂಡನ್ನಿನ ನಡುವೆ ಕಾಣುತ್ತಿದ್ದ ಕಪ್ಪು ಕುಳಿ ತುಂಬಿದ್ದನ್ನು ನೋಡಿ ನಾನು ಹಿಗ್ಗಿದೆ. ಇನ್ನು ಟ್ರಾಟ್ (ನಿಧಾನ ಓಟ) ಮಾಡಿಸಬಹುದಲ್ಲವೇ ಎಂದು ಕೇಳಿದೆ. ಕುಳಿ ತುಂಬಿರುವುದು ನಿಜ, ಎಳೆಗಳು ಇನ್ನೂ ಸಾಲಿಗೆ ಬಂದಿಲ್ಲ ಎಂದು ವ್ಯವಸ್ಥಾಪಕರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿ, ಇನ್ನೂ ಐದು ವಾರ ನಡಿಗೆಯಲ್ಲಿಯೇ ನಿಲ್ಲಿಸಿದರು. ಹಣ ಕೊಡುವವರ ಅವಸರಕ್ಕೆ ಮಣಿಯದ ಈ ಗುಣಕ್ಕೆ ನಾನು ಋಣಿ.

ಕೋಣೆಯಲ್ಲಿ ಕಟ್ಟಿಹಾಕಿದ ಕುದುರೆಗೆ ಹೊಟ್ಟೆಯೂ ಒಂದು ಚಿಂತೆ. ಕುದುರೆಯ ಜಠರದಲ್ಲಿ ಆಮ್ಲ ಸದಾ ಒಸರುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ, ನೋವಿಗೆ ಕೊಡುವ ಫೀನೈಲ್‌ಬ್ಯುಟಜೋನ್ ಅದನ್ನು ಹೆಚ್ಚಿಸುತ್ತದೆ. ತುಂಗೆ ಬಂದ ದಿನದಿಂದಲೇ ಇವರು ಓಟ್ಸ್, ಹುರುಳಿ ನಿಲ್ಲಿಸಿ, ಸಣ್ಣ ಕಣ್ಣಿನ ಬಲೆಯಲ್ಲಿ ಒಣಹುಲ್ಲನ್ನು ಹಗಲೂ ರಾತ್ರಿಯೂ ತೂಗುಬಿಟ್ಟರು. ಜೊತೆಗೆ ಸ್ವಲ್ಪವೇ ಲೂಸರ್ನ್, ನಮ್ಮ ರೈತರು ಕುದುರೆ ಮಸಾಲೆ ಎನ್ನುವ ಸೊಪ್ಪು. ತುಂಗೆಗೆ ಒಮ್ಮೆಯೂ ಹೊಟ್ಟೆನೋವು ಬರಲಿಲ್ಲ. ಎದುರು ಕೋಣೆಯಲ್ಲಿ ಒಂದು ಮುದಿ ತಟ್ಟುವನ್ನು ಅವಳ ಕಣ್ಣಿಗೆ ಬೀಳುವಂತೆ ಕಟ್ಟಿದ್ದು ನನಗೆ ಬಹಳ ಹಿಡಿಸಿತು. ಒಂಟಿಯಾದ ಕುದುರೆ ಕೋಣೆಯಲ್ಲಿ ಸುತ್ತುತ್ತಲೇ ಇರುತ್ತದೆ, ಸುತ್ತಿದರೆ ಕಾಲು ಕೆಡುತ್ತದೆ.

ಕೊರತೆಗಳೂ ಇವೆ. ಜುಲೈ, ಆಗಸ್ಟಿನ ಮಳೆಯಲ್ಲಿ ಹಿಂಬದಿಯ ಸಾಲಿನ ಕೋಣೆಗಳ ನೆಲ ಆರುವುದೇ ಇಲ್ಲ. ಹಾಸಿದ ಮರದ ಹೊಟ್ಟು ಒದ್ದೆಯಾಗಿ ತುಂಗೆಯ ಹಿಂಗಾಲಿನ ಗೊರಸಿನ ಅಡಿಯಲ್ಲಿ ಕೊಳೆರೋಗ ಕಾಣಿಸಿಕೊಂಡಿತು. ನಾನು ಎರಡು ಸಲ ಹೇಳಿದ ಮೇಲೆಯೇ ಮುಂದಿನ ಸಾಲಿಗೆ ಬದಲಾಯಿಸಿದರು. ಲಾಳ ಕಟ್ಟುವವರು ಆರು ವಾರಕ್ಕೊಮ್ಮೆ ಬರುತ್ತಾರೆಂದು ಹೇಳಿದ್ದರೂ ಒಂದು ಬಾರಿ ಒಂಬತ್ತು ವಾರವಾಯಿತು. ಟೆಂಡನ್ ನೊಂದ ಕಾಲಿನಲ್ಲಿ ಗೊರಸಿನ ಮುಂತುದಿ ಉದ್ದ ಬೆಳೆದಷ್ಟೂ ಎಳೆತ ಹೆಚ್ಚುತ್ತದೆಯಾದ್ದರಿಂದ ಇದು ಸಣ್ಣ ತಪ್ಪಲ್ಲ. ತಿಂಗಳಿಗೆ 28,000 ರೂಪಾಯಿಯಲ್ಲಿ ಕೋಣೆ, ಮೇವು, ಸಯೀಸರ ಕೆಲಸ ಸೇರಿದ್ದವು. ಪಟ್ಟಿ, ಹತ್ತಿ, ಸ್ಕ್ಯಾನು, ವೈದ್ಯರ ಶುಲ್ಕ ಬೇರೆ. ಈ ಬೇರೆ ಖರ್ಚಿನ ವಿವರವನ್ನು ಕೇಳದೆ ಕೊಡುವುದಿಲ್ಲ.

ಈಗ ತುಂಗೆ ವಾರದಲ್ಲಿ ನಾಲ್ಕು ದಿನ ನಡಿಗೆ ಮತ್ತು ಟ್ರಾಟ್ ಮಾಡುತ್ತಾಳೆ, ಎರಡು ದಿನ ಸ್ವಲ್ಪ ಹೊತ್ತು ಕ್ಯಾಂಟರ್ (ಟ್ರಾಟ್‌ಗಿಂತ ತುಸು ವೇಗದ ಓಟ). ಮಾಯ್ದ ಟೆಂಡನ್ ಮೊದಲಿನಷ್ಟು ಹಿಗ್ಗುವುದಿಲ್ಲ, ಹಾಗಾಗಿ ಅವಳನ್ನು ಮತ್ತೆ ನಾಗಾಲೋಟಕ್ಕೆ ಬಿಡುವುದಿಲ್ಲವೆಂದು ನಿರ್ಧರಿಸಿದ್ದೇನೆ. ನಿಮ್ಮ ಕುದುರೆಯನ್ನು ಇಲ್ಲಿಗೆ ಕಳುಹಿಸುವುದಾದರೆ ಮುಂದಿನ ಸಾಲಿನ ಕೋಣೆಯನ್ನೇ ಕೇಳಿ, ಲಾಳದ ದಿನಾಂಕವನ್ನು ನೀವೇ ಬರೆದಿಟ್ಟುಕೊಳ್ಳಿ, ಮೊದಲ ಸ್ಕ್ಯಾನಿನ ಚಿತ್ರಗಳನ್ನು ಜೊತೆಯಲ್ಲಿ ಒಯ್ಯಿರಿ. ಮೂರು ತಿಂಗಳ ನಂತರ ಹೋಲಿಸಿ ನೋಡಲು ಅವರು ಅದನ್ನೇ ಮೊದಲು ಕೇಳುತ್ತಾರೆ.