ಮೊದಲನೇ ಕಂಪ್ಯೂಟರ್‌ಗೆ ಹಳೇ ಥಿಂಕ್‌ಪ್ಯಾಡ್ ಟಿ480 ಸಾಕಾ? ನನ್ನ ರಿವ್ಯೂ

ಕಂಪ್ಯೂಟರ್ ಮುಟ್ಟೇ ಇಲ್ಲ, ಮೊದಲನೇ ಲ್ಯಾಪ್‌ಟಾಪ್ ತಗೋಬೇಕು, ಕೈಲಿ ದುಡ್ಡು ಕಮ್ಮಿ ಇದೆ ಅನ್ನೋರಿಗೆ ನಾನು ಈಗ್ಲೂ ಹೇಳೋ ಹೆಸರು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480. 2018ರಲ್ಲಿ ಬಂದ ಮಾಡೆಲ್ ಇದು. ಕಂಪನಿಗಳು ಲೀಸ್ ಮುಗಿದ ಮೇಲೆ ಲಾಟ್‌ಗಟ್ಲೆ ಹೊರಗೆ ಹಾಕ್ತವೆ, ಅದನ್ನ ಕ್ಲೀನ್ ಮಾಡಿ ಬೆಂಗಳೂರಿನ ಎಸ್.ಪಿ. ರೋಡಲ್ಲಿ ರಿಫರ್ಬಿಶ್ಡ್ ಅಂತ ಮಾರ್ತಾರೆ. ನಮ್ಮ ಚಿಕ್ಕಪ್ಪನ ಮಗಳು ಬಿಕಾಂ ಸೇರಿದಾಗ ಅವಳಿಗೆ ಇದನ್ನೇ ಕೊಡಿಸಿದ್ವಿ, ದಿನಾ ಓಡ್ತಾ ಇದೆ. ಅಂಗಡಿಯಲ್ಲಿ ಕಿವಿಗೆ ಬೀಳೋ ಪದಗಳನ್ನೂ ಜೊತೆಗೇ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅವು ಗೊತ್ತಿಲ್ಲದೆ ಹಳೇ ಲ್ಯಾಪ್‌ಟಾಪ್ ತಗೊಳ್ಳೋಕೆ ಹೋದ್ರೆ ಅವರು ಹೇಳಿದ್ದೇ ರೇಟು, ಕೊಟ್ಟಿದ್ದೇ ಮಾಲು.

ಮೊದಲು ಪ್ರೊಸೆಸರ್. ಲೆಕ್ಕ ಮಾಡೋದು, ನಾವು ಹೇಳಿದ ಕೆಲಸ ಮಾಡೋದು ಎಲ್ಲಾ ಇದೇ ಚಿಪ್ಪು. ಚಿಕ್ಕಪ್ಪ ಅಂಗಡಿಯಲ್ಲೇ ಹಠ ಹಿಡಿದ್ರು, "ಅಲ್ವೋ, ಅದೇ ರೇಟಿಗೆ ಪಕ್ಕದಲ್ಲಿ ಐ7 ಇದೆ, ನೀನ್ಯಾಕೆ ಐ5 ಅಂತೀಯ?" ಇದು ಎಲ್ಲರೂ ಕೇಳೋ ಪ್ರಶ್ನೆ. ಐ5, ಐ7 ಅನ್ನೋದು ಇಂಟೆಲ್ ಕಂಪನಿ ಚಿಪ್ಪುಗಳ ದರ್ಜೆ ಅಷ್ಟೇ, ಅದಾದ್ಮೇಲೆ ಬರೋ ನಂಬರ್ ನೋಡಬೇಕು. ಆ ಐ7 ಇದ್ದಿದ್ದು 6600ಯು, ಅಂದ್ರೆ ಆರನೇ ಜನರೇಶನ್ (ತಲೆಮಾರು), ಒಳಗೆ ಎರಡೇ ಕೋರ್. ಟಿ480ಯಲ್ಲಿ ಬರೋ ಐ5 8250ಯು ಅಥವಾ 8350ಯು ಎಂಟನೇ ಜನರೇಶನ್, ನಾಲ್ಕು ಕೋರ್. ಕೋರ್ ಅಂದ್ರೆ ಒಂದೇ ಚಿಪ್ಪಿನೊಳಗೆ ಕೆಲಸ ಮಾಡೋ ಘಟಕ, ಜಾಸ್ತಿ ಇದ್ದಷ್ಟೂ ಒಟ್ಟೊಟ್ಟಿಗೆ ಜಾಸ್ತಿ ಕೆಲಸ ಆಗತ್ತೆ. ಆ ಐ7ಗಿಂತ ಈ ಐ5 ಎಷ್ಟೋ ವಾಸಿ.

ಎಂಟನೇ ಜನರೇಶನ್ನೇ ಬೇಕು ಅಂತ ನಾನು ಪಟ್ಟು ಹಿಡಿಯೋಕೆ ಸ್ಪೀಡ್‌ಗಿಂತ ದೊಡ್ಡ ಕಾರಣ ಸೆಕ್ಯುರಿಟಿ. ಲ್ಯಾಪ್‌ಟಾಪ್ ನಡೆಸೋ ಮೂಲ ಸಾಫ್ಟ್‌ವೇರ್ ವಿಂಡೋಸ್ 10ಗೆ ಮಾಮೂಲಿ ಸಪೋರ್ಟ್, ಅಂದ್ರೆ ಮೈಕ್ರೋಸಾಫ್ಟ್ ಕೊಡೋ ಸೆಕ್ಯುರಿಟಿ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯ್ತು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಶನ್‌ನಿಂದ ಈಚೆಗಿನವಕ್ಕೇ ವಿಂಡೋಸ್ 11 ಅಧಿಕೃತವಾಗಿ ಸಿಗೋದು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪೂ ಬೇಕು. ನೋಡೋಕೆ ಒಂದೇ ಥರ ಇರೋ ಟಿ470ಯಲ್ಲಿ ಇರೋದು ಆರನೇ, ಏಳನೇ ಜನರೇಶನ್, ಅದಕ್ಕೆ ಮೈಕ್ರೋಸಾಫ್ಟ್ ಕಡೆಯಿಂದ 11 ಇಲ್ಲ. ಹೊಸಬರು ಎಡವೋದೇ ಇಲ್ಲಿ, ಸ್ಟಿಕ್ಕರ್ ನೋಡಿ ತಗೋಬೇಡಿ, ಲ್ಯಾಪ್‌ಟಾಪ್ ಆನ್ ಮಾಡಿಸಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋಗಿ ಪ್ರೊಸೆಸರ್ ನಂಬರ್ ಓದಿ.

ಅಪ್‌ಡೇಟ್ ಇಲ್ದಿದ್ರೆ ಏನಾಗುತ್ತೆ ಅನ್ನೋರಿಗೆ 2017ರ ವಾನಾಕ್ರೈ ಕಥೆ ಸಾಕು. ಅದು ರ‍್ಯಾನ್ಸಮ್‌ವೇರ್, ನಮ್ಮ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಸಾಫ್ಟ್‌ವೇರ್. ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟ್ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು, ದಾಳಿ ಆಗಿದ್ದು ಮೇನಲ್ಲಿ, ಆದ್ರೂ ಹಾಕ್ಕೊಳ್ಳದೇ ಇದ್ದ ಮೆಷಿನ್‌ಗಳು ಪ್ರಪಂಚದ ತುಂಬಾ ಬಿದ್ದುಹೋದ್ವು, ಬ್ರಿಟನ್‌ನಲ್ಲಿ ಆಸ್ಪತ್ರೆಗಳ ಕೆಲಸವೇ ನಿಂತಿತ್ತು. ರೀಸ್ಟಾರ್ಟ್ ಕೇಳಿದಾಗೆಲ್ಲ ಆಮೇಲೆ ಆಮೇಲೆ ಅಂತ ತಳ್ಳಬೇಡಿ, ದಯವಿಟ್ಟು.

ರ‍್ಯಾಮ್ ಮತ್ತೆ ಸ್ಟೋರೇಜ್ ಎರಡನ್ನೂ ಜಿಬಿ ಲೆಕ್ಕದಲ್ಲೇ ಹೇಳೋದ್ರಿಂದ ತುಂಬಾ ಜನ ಎರಡೂ ಒಂದೇ ಅಂದ್ಕೋತಾರೆ. ರ‍್ಯಾಮ್‌ನಲ್ಲಿ ಇರೋದು ಈ ಕ್ಷಣ ತೆರೆದಿರೋ ಕೆಲಸ ಅಷ್ಟೇ, ಪವರ್ ಹೋದ್ರೆ ಅದೂ ಹೋಯ್ತು. ಫೋಟೋ, ಫೈಲು, ವಿಂಡೋಸು ಎಲ್ಲಾ ಉಳಿಯೋದು ಸ್ಟೋರೇಜಲ್ಲಿ. ಟಿ480ಯಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇದೆ, ಈಗ 8 ಜಿಬಿ ತಗೊಂಡು ಮುಂದೆ ಇನ್ನೊಂದು 8 ಸೇರಿಸಬಹುದು, ಇದು ನನಗೆ ತುಂಬಾ ಇಷ್ಟವಾದ ವಿಷಯ, ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮನ್ನ ಬೋರ್ಡಿಗೇ ಬೆಸೆದಿರ್ತಾರೆ. ಸ್ಟೋರೇಜ್‌ನಲ್ಲಿ ಹಾರ್ಡ್ ಡಿಸ್ಕ್ ಬೇಡವೇ ಬೇಡ, ತಿರುಗೋ ತಟ್ಟೆ ಇರೋ ಅದು ಒಂದು ಸೆಕೆಂಡಿಗೆ ನೂರು ಎಂಬಿ ಆಸುಪಾಸು ಓದುತ್ತೆ, ತಿರುಗೋ ಭಾಗವೇ ಇಲ್ಲದೆ ಚಿಪ್ಪಲ್ಲೇ ಉಳಿಸೋ ಎಸ್‌ಎಸ್‌ಡಿ, ಮಾಮೂಲಿ ಸಾಟಾ ಥರದ್ದೂ, ಐನೂರರ ಮೇಲೆ. 256 ಜಿಬಿ ಎಸ್‌ಎಸ್‌ಡಿ ಹಾಕಿದ್ರೆ ವಿಂಡೋಸ್ 238 ಅಂತ ತೋರಿಸತ್ತೆ, ಮೋಸ ಅಲ್ಲ, ಕಂಪನಿ 1000ದ ಲೆಕ್ಕ ಹಾಕತ್ತೆ, ವಿಂಡೋಸ್ 1024ರ ಲೆಕ್ಕ.

ಒಂದು ಅಂಗಡಿಯಲ್ಲಿ ವಿಂಡೋಸು, ಆಫೀಸು ಎಲ್ಲಾ ಫ್ರೀಯಾಗಿ ಹಾಕ್ಕೊಡ್ತೀನಿ ಸಾರ್ ಅಂದ್ರು. ಅದು ಕ್ರ್ಯಾಕ್, ಅಂದ್ರೆ ಲೈಸೆನ್ಸ್ ಇಲ್ಲದೆ ಬೀಗ ಮುರಿದು ಓಡಿಸೋ ಕಳ್ಳ ಕಾಪಿ. ಅದನ್ನ ಓಡಿಸೋಕೆ ಆಂಟಿವೈರಸ್ ಆಫ್ ಮಾಡಿ ಅಂತಾನೇ ಕೇಳುತ್ತೆ, ಆಗ ಅದ್ರ ಜೊತೆ ಇನ್ನೇನು ಒಳಗೆ ಬಂತು ಅಂತ ನೋಡೋರು ಯಾರೂ ಇಲ್ಲ. ನಾವು ಅಲ್ಲಿಂದ ಎದ್ದು ಬಂದ್ವಿ. ತಗೊಂಡ ಕಡೆ ಸೆಟ್ಟಿಂಗ್ಸಲ್ಲಿ ಆಕ್ಟಿವೇಶನ್ ತೆಗೆದು ಡಿಜಿಟಲ್ ಲೈಸೆನ್ಸ್ ಇದೆ ಅಂತ ನೋಡ್ಕೊಂಡ್ವಿ. ಆಫೀಸ್ ಬದಲು ಲಿಬ್ರೆಆಫೀಸ್ ಹಾಕಿದೀವಿ, ಅದಕ್ಕೆ ದುಡ್ಡು ಕೊಡ್ಬೇಕಿಲ್ಲ, ಮೆನು ಕನ್ನಡದಲ್ಲೂ ಬರುತ್ತೆ. ಕನ್ನಡ ಟೈಪ್ ಮಾಡೋಕೆ ವಿಂಡೋಸ್‌ನಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ, ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಬರುತ್ತೆ. ಆಂಟಿವೈರಸ್ ಬೇರೆ ಕೊಳ್ಳಲಿಲ್ಲ, ವಿಂಡೋಸ್ ಒಳಗೇ ಇರೋ ಡಿಫೆಂಡರ್ ಅವಳ ಕೆಲಸಕ್ಕೆ ಧಾರಾಳ.

ಬಯೋಸ್ ಪಾಸ್‌ವರ್ಡ್ ಮಾತ್ರ ಮರೀಬೇಡಿ. ಬಯೋಸ್ ಅಂದ್ರೆ ವಿಂಡೋಸ್‌ಗೂ ಮುಂಚೆ ಎದ್ದು ಹಾರ್ಡ್‌ವೇರ್ ಚೆಕ್ ಮಾಡೋ ಪುಟ್ಟ ಸಾಫ್ಟ್‌ವೇರ್. ಹಳೇ ಕಂಪನಿಯವರು ಅದಕ್ಕೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ ಹಾಗೇ ಬಿಟ್ಟಿದ್ರೆ ಥಿಂಕ್‌ಪ್ಯಾಡ್‌ನಲ್ಲಿ ಕಂಪನಿ ಹೇಳೋ ದಾರಿ ಮದರ್‌ಬೋರ್ಡ್, ಅಂದ್ರೆ ಎಲ್ಲಾ ಭಾಗ ಕೂರೋ ಮುಖ್ಯ ಬೋರ್ಡನ್ನೇ ಬದಲಾಯಿಸೋದೊಂದೇ. ಆನ್ ಆಗುವಾಗ ಎಫ್1 ಒತ್ತಿ ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದ್ರೆ ಅಲ್ಲೇ ವಾಪಸ್ ಕೊಡಿ. ಡಿಸ್ಕಲ್ಲಿರೋದಕ್ಕೆಲ್ಲ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ರೆ ಲ್ಯಾಪ್‌ಟಾಪ್ ಕಳೆದುಹೋದ್ರೂ ಡಿಸ್ಕ್ ಬಿಚ್ಚಿ ಓದೋಕಾಗಲ್ಲ, ಆದ್ರೆ ಅದರ 48 ಅಂಕಿಯ ರಿಕವರಿ ಕೀ ಇಲ್ದಿದ್ರೆ ಒಂದೊಂದು ಸಲ ನಮಗೂ ಓದೋಕಾಗಲ್ಲ, ನಮ್ಮ ಹುಡುಗಿ ಅದನ್ನ ಡೈರಿಯಲ್ಲಿ ಬರೆದಿಟ್ಟಿದಾಳೆ.

ಫರ್ಮ್‌ವೇರ್ ಅಂತ ಇನ್ನೊಂದು ಪದ ಕೇಳ್ತೀರ, ಹಾರ್ಡ್‌ವೇರ್ ಚಿಪ್ಪೊಳಗೇ ಕೂತಿರೋ ಸಾಫ್ಟ್‌ವೇರ್ ಅದು. 2017ರಿಂದ 2019ರ ನಡುವಿನ ಕೆಲವು ಥಿಂಕ್‌ಪ್ಯಾಡ್‌ಗಳ ಥಂಡರ್‌ಬೋಲ್ಟ್ (ಚಾರ್ಜಿಗೂ ಡೇಟಾಗೂ ಬಳಸೋ ಪೋರ್ಟ್) ಫರ್ಮ್‌ವೇರ್‌ನಲ್ಲಿ ತೊಂದರೆ ಇದ್ದು ಚಾರ್ಜಿಂಗ್ ಪೋರ್ಟ್ ಕೈಕೊಡ್ತಿತ್ತು, ಲೆನೊವೊನೇ ಅಪ್‌ಡೇಟ್ ಹಾಕಿಕೊಳ್ಳಿ ಅಂತ ಹೇಳಿತ್ತು. ಮನೆಗೆ ತಂದ ತಕ್ಷಣ ಲೆನೊವೊ ವ್ಯಾಂಟೇಜ್ ಆಪ್‌ನಲ್ಲಿ ಇದನ್ನ ಮುಗಿಸಿಬಿಡಿ.

ಕೀಬೋರ್ಡ್ ಅದ್ಭುತ, ಗಂಟೆಗಟ್ಲೆ ಟೈಪ್ ಮಾಡಿದ್ರೂ ಬೆರಳು ನೋಯಲ್ಲ. ಬ್ಯಾಟರಿ ಒಳಗೊಂದು, ಹೊರಗೆ ಬಿಚ್ಚೋದೊಂದು, ಹೊರಗಿಂದನ್ನ ಲ್ಯಾಪ್‌ಟಾಪ್ ಆಫ್ ಮಾಡದೇ ಬದಲಾಯಿಸಬಹುದು. ಆದ್ರೆ ಹಳೇ ಮಾಲಲ್ವಾ, ನಮಗೆ ಬಂದಿದ್ದ ಹೊರಗಿನ ಬ್ಯಾಟರಿ ಸೊರಗಿತ್ತು, ಬೇರೆ ಹಾಕಿಸಿಕೊಂಡ್ವಿ. ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನದು) ಪಕ್ಕ ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗಿನದು) ಇಟ್ಟು ನೋಡಿ, ಅರ್ಧಕ್ಕೆ ಇಳಿದಿದ್ರೆ ರೇಟ್ ಇಳಿಸಿ ಅನ್ನಿ. ಸ್ಕ್ರೀನ್ ಫುಲ್ ಎಚ್‌ಡಿ ಅಂದ್ರೆ 1920 ಬೈ 1080 ಇರೋದನ್ನೇ ಆರಿಸಿ, 1366 ಬೈ 768ದೂ ಓಡಾಡ್ತಿವೆ, ಅದ್ರಲ್ಲಿ ಎಕ್ಸೆಲ್ ಶೀಟ್ ನೋಡೋದು ಕಷ್ಟ.

ಗೇಮ್ ಆಡೋರಿಗೆ, ದೊಡ್ಡ ವಿಡಿಯೋ ಎಡಿಟ್ ಮಾಡೋರಿಗೆ ಇದು ಬೇಡ. ಟ್ಯಾಲಿ, ಬ್ರೌಸರ್, ಆನ್‌ಲೈನ್ ಕ್ಲಾಸ್, ಪ್ರಾಜೆಕ್ಟ್ ರಿಪೋರ್ಟ್ ಇಷ್ಟೇ ಅಂದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ರೂ ವಾರಂಟಿ ಎಷ್ಟು ತಿಂಗಳು ಅನ್ನೋದೂ ಬರೆಸಿಕೊಂಡೇ ದುಡ್ಡು ಕೊಡಿ.